ಹಿಡಿ ಎಂದದ್ದು

ಹನ್ನೊಂದನೆಯ ಪಟ್ಟಿಯನ್ನು ಸುತ್ತುವ ಹೊತ್ತಿಗೆ ತಾನು ಉಸಿರಾಡುತ್ತಿಲ್ಲ ಎಂಬುದು ಅವಳ ಅರಿವಿಗೆ ಬಂತು. ಬಾಕ್ಸಿಂಗ್ ಗ್ಲೌಸಿನೊಳಗೆ ಬೆರಳು, ಮಣಿಕಟ್ಟುಗಳಿಗೆ ಕಟ್ಟಿಕೊಳ್ಳುವ ಬಟ್ಟೆಯ ಪಟ್ಟಿಗಳು, ಒಂದೊಂದೂ ಎರಡಾಳುದ್ದ. ನಿನ್ನೆ ಒಗೆದು ಈ ಕಿಟಕಿಯಿಂದ ಆ ಕಿಟಕಿಗೆ ಹಾಯಿಸಿದ್ದವು ಒಣಗಿ ಸೆಟೆದುಕೊಂಡಿದ್ದವು. ಅಂಟುವ ತುದಿ ಒಳಗಾಗಿ ಹೆಬ್ಬೆರಳಿನ ಕುಣಿಕೆ ಹೊರಗೆ ಬರುವಂತೆ ತೊಡೆಯ ಮೇಲಿಟ್ಟು ಅಂಗೈಯಿಂದ ಉರುಳಿಸಿಕೊಂಡು ಬಂದರೆ ಗಟ್ಟಿ ಸುರುಳಿ. ಇಪ್ಪತ್ತೆರಡು ವರ್ಷದಿಂದ ಮಾಡಿಕೊಂಡು ಬಂದ ಕೆಲಸ, ಕೈ ತನ್ನ ಪಾಡಿಗೆ ತಾನು ಮಾಡುತ್ತದೆ. ಆದರೆ ಬಾಯಿ ಬಿಗಿದು, ಪಕ್ಕೆಗಳನ್ನು ಮೇಲಕ್ಕೆಳೆದುಕೊಂಡು, ಯಾರೋ ಈಗ ಬಂದು ಹೊಡೆಯುತ್ತಾರೆ ಎಂದು ಕಾದು ಕೂತವಳ ಹಾಗೆ ಯಾಕೆ ಕೂತಿದ್ದೇನೆ? ಯಾಕೆ ಎಂಬುದು ಗೊತ್ತಿತ್ತು. ಪಟ್ಟಿಗಳನ್ನು ಇಡುವ ಬಿಸ್ಕತ್ತಿನ ಡಬ್ಬಿ ಇವತ್ತು ಪೂರಾ ಖಾಲಿಯಾಗಿ, ತಳದಲ್ಲಿದ್ದ ಲಕೋಟೆ ಬಯಲಿಗೆ ಬಂದಿತ್ತು. ಎರಡು ವರ್ಷದ ಕೆಳಗೆ ಬರೆದು, ಮಡಿಸಿ, ವಿಳಾಸವನ್ನೂ ಬರೆದು ಅಂಟಿಸದೆ ಬಿಟ್ಟದ್ದು. ಅವಳು ಹನ್ನೊಂದನೆಯ ಸುರುಳಿಯನ್ನು ಅದರ ಮೇಲಿಟ್ಟಳು. ಮುಚ್ಚಲಿಲ್ಲ. ಹನ್ನೆರಡನೆಯದನ್ನೂ ಇಟ್ಟಳು. ಆಗಲೂ ಒಂದು ಮೂಲೆ ಕಾಣುತ್ತಲೇ ಇತ್ತು.

ಟೈರಿನ ಅಂಗಡಿಯ ಮೇಲಿನ ಮಾಳಿಗೆ ಅದು. ಕೆಳಗೆ ರಬ್ಬರಿನ ವಾಸನೆ, ಮೇಲೆ ಬೆವರಿನ ವಾಸನೆ. ಮೆಟ್ಟಿಲಿನ ನಡುವೆ ಎಲ್ಲೋ ಎರಡೂ ಕೂಡಿ ಮೂರನೆಯದೊಂದು ಆಗುತ್ತಿತ್ತು, ಅದು ಅವಳ ಸೀರೆಗಳಿಗೆಲ್ಲ ಹತ್ತಿದೆ ಎಂದು ತಂಗಿ ಮೂಗು ಮುಚ್ಚಿಕೊಳ್ಳುತ್ತಿದ್ದಳು. ಕ್ಯಾನ್ವಾಸಿಗೆ ನಾಲ್ಕು ಕಡೆ ತೇಪೆ ಹಾಕಿದ ಒಂದು ರಿಂಗು, ನೇತು ಹಾಕಿದ ಐದು ಬ್ಯಾಗು, ಒಂದು ಗಡಿಯಾರ. ಇಲ್ಲಿಗೆ ಬರುವ ಹೆಂಗಸರು ಅವಳನ್ನು ಕೋಚಕ್ಕ ಎಂದು ಕರೆಯುತ್ತಿದ್ದರು. ಮೊದಲು ಬಂದವಳು ಯಾರೋ ಕೋಚ್ ಎನ್ನಲು ಸಂಕೋಚಪಟ್ಟು ಅಕ್ಕ ಸೇರಿಸಿದ್ದು, ಆಮೇಲೆ ಅದೇ ನಿಂತಿತು. ಕೋಚಕ್ಕ ಕಣ್ಣಿನಿಂದ ಕಲಿಸುವವಳಲ್ಲ, ಕಿವಿಯಿಂದ ಕಲಿಸುವವಳು. ಐದು ಬ್ಯಾಗುಗಳಿಗೆ ಐವರು ಹೊಡೆಯುತ್ತಿರುವಾಗ ಬೆನ್ನು ಹಾಕಿ ನಿಂತು, 'ಮೂರನೇ ಬ್ಯಾಗು, ಬಾಯಿ ಮುಚ್ಚಿದ್ದೀಯ' ಎನ್ನುವಳು. ಹೊಡೆತ ಬಿದ್ದ ಸದ್ದಿನ ಜೊತೆಗೇ ಹಲ್ಲಿನ ಸಂದಿಯಿಂದ 'ಸ್ಸ್' ಎಂದು ಉಸಿರು ಹೊರಬೀಳಬೇಕು. ಮೊದಲೂ ಅಲ್ಲ, ಆಮೇಲೂ ಅಲ್ಲ. ಉಸಿರು ಬಿಟ್ಟಾಗ ಹೊಟ್ಟೆ ತಾನೇ ಗಟ್ಟಿಯಾಗುತ್ತದೆ. ಆಗ ಎದುರಿನವಳು ಹೊಡೆದರೆ ಹಲಗೆಗೆ ಹೊಡೆದ ಹಾಗೆ. ಉಸಿರು ತುಂಬಿಕೊಂಡು ನಿಂತವಳಿಗೆ ಹೊಡೆದರೆ ಊದಿದ ಬಲೂನಿಗೆ ಹೊಡೆದ ಹಾಗೆ. ಈ ಎರಡು ಮಾತನ್ನು ಅವಳು ಎಷ್ಟು ಸಲ ಹೇಳಿದ್ದಳೋ! ಈಗೀಗ ಬಲೂನನ್ನು ಬಿಟ್ಟು ಹಲಗೆಯ ಮಾತನ್ನಷ್ಟೇ ಹೇಳುತ್ತಿದ್ದಳು.

ಬೆಳಿಗ್ಗೆ ಏಳೂವರೆಗೆ ಬಸ್ ಕಂಡಕ್ಟರು ಮೆಟ್ಟಿಲು ಹತ್ತಿ ಬಂದಳು. ಸೇರಿ ಹದಿನೈದು ದಿನವಾಗಿತ್ತು. ನಲವತ್ತರ ಹೆಂಗಸು, ದಪ್ಪ ದನಿ, ಬರುವಾಗಲೇ ಮಾತು. ಅವಳ ಹಿಂದೆ ದಂತವೈದ್ಯರ ಹತ್ತಿರ ಕೆಲಸಕ್ಕಿದ್ದವಳು, ಲೆಕ್ಕದ ಟೀಚರು, ಇನ್ನಿಬ್ಬರು. ಕೋಚಕ್ಕ ಸುರುಳಿಗಳನ್ನು ಹಂಚಿದಳು. ಇವತ್ತು ತಾರೀಖು ಎಷ್ಟು ಎಂದು ಟೀಚರು ಕೇಳಿದಾಗ ಯಾರೋ ಹೇಳಿದರು. ಆ ತಾರೀಖು ಕೋಚಕ್ಕನಿಗೆ ಒಂದು ತಿಂಗಳಿಂದ ಗೊತ್ತಿತ್ತು. ಬಾಕ್ಸಿಂಗ್ ಸಂಘದ ಸಮಿತಿ ಹಳೆಯ ತೀರ್ಮಾನಗಳನ್ನು ಮತ್ತೆ ನೋಡುವುದು ವರ್ಷಕ್ಕೊಂದೇ ಸಲ. ಅದಕ್ಕೆ ಬರೆಯುವವರ ಕಾಗದದ ಮೇಲೆ ಇವತ್ತಿನೊಳಗಿನ ಅಂಚೆ ಮುದ್ರೆ ಬಿದ್ದಿರಬೇಕು. ಹೋದ ವರ್ಷವೂ ಇಂಥದೇ ಒಂದು ದಿನ ಬಂದಿತ್ತು, ಸಂಜೆಯವರೆಗೆ ಬ್ಯಾಗುಗಳ ಹೊಲಿಗೆ ರಿಪೇರಿ ಮಾಡುತ್ತ ಕೂತು ಕಳೆದಿದ್ದಳು. ಬರುವ ವರ್ಷಕ್ಕೆ, ಅವಳು ಕಲಿಸಿ ಬೆಳೆಸಿದ ಹುಡುಗಿ ಕಡ್ಡಿಯ ವಯಸ್ಸು ತಂಡದ ಮಿತಿ ದಾಟುತ್ತದೆ. ಅಲ್ಲಿಗೆ ಕಾಗದ ಬರೆದೂ ಒಂದೇ, ಬಿಟ್ಟೂ ಒಂದೇ. ಹಾಗಾಗಲಿ ಎಂದು ತಾನು ಕಾಯುತ್ತಿದ್ದೇನೆಯೇ ಎಂದು ಅವಳು ತನ್ನನ್ನೇ ಕೇಳಿಕೊಂಡಿದ್ದಳು, ಉತ್ತರ ಬರುವ ಮೊದಲೇ ನೀರು ಕುಡಿಯಲು ಎದ್ದು ಹೋಗಿದ್ದಳು.

ಕಂಡಕ್ಟರನ್ನೂ ಲೆಕ್ಕದ ಟೀಚರನ್ನೂ ರಿಂಗಿಗೆ ಹತ್ತಿಸಿ, ಮೆಲ್ಲಗೆ ಆಡಿ ಎಂದಳು. ಟೀಚರು ಸಣ್ಣಗೆ ಚುರುಕಾಗಿದ್ದಳು. ಎರಡು ನಿಮಿಷಕ್ಕೆ ಕಂಡಕ್ಟರು ಏದುಸಿರು ಬಿಡತೊಡಗಿದಳು. ದಣಿದಾಗ ಎದುರಾಳಿಯ ತೋಳುಗಳನ್ನು ಅವುಚಿಕೊಂಡು ಹೊಡೆಯಲು ಬಿಡದಂತೆ ನಿಂತುಬಿಡುವ ಉಪಾಯವನ್ನು ಅವಳಿಗೆ ಮೊನ್ನೆಯಷ್ಟೇ ಕಲಿಸಿಯಾಗಿತ್ತು. ಕೋಚಕ್ಕ ಹಗ್ಗದಾಚೆಯಿಂದ ಕೂಗಿದಳು:

"ಹಿಡಿ! ಹಿಡಿ!"

ಕಂಡಕ್ಟರು ಇದ್ದಲ್ಲೇ ನಿಂತುಬಿಟ್ಟಳು. ಕೆನ್ನೆ ಉಬ್ಬಿಸಿ, ಎದೆ ತುಂಬಿಸಿ, ಕಣ್ಣು ಅರಳಿಸಿ ಕೋಚಕ್ಕನ ಕಡೆ ನೋಡಿದಳು. ಟೀಚರು ಹೊಡೆಯಲು ಎತ್ತಿದ ಕೈಯನ್ನು ನಗು ಬಂದು ಕೆಳಗಿಳಿಸಿದಳು.

"ಯಾಕೆ ನಿಂತೆ?" ಎಂದಳು ಕೋಚಕ್ಕ. ದನಿ ತನ್ನದಲ್ಲ ಅನ್ನಿಸಿತು.

ಕಂಡಕ್ಟರು ಬುಸ್ಸೆಂದು ಗಾಳಿ ಬಿಟ್ಟಳು. "ನೀವೇ ಹಿಡಿ ಅಂದ್ರಲ್ಲ ಕೋಚಕ್ಕ! ಶುರುವಲ್ಲಿ ಚಾಪೆ ಮೇಲೆ ಕೂರಿಸಿ 'ತಗೊ, ಹಿಡಿ, ಬಿಡು' ಅಂತೀರಿ, ಅಲ್ಲಿ ಹಿಡಿ ಅಂದ್ರೆ ಉಸಿರು. ಇಲ್ಲಿ ಹಿಡಿ ಅಂದ್ರೆ ಟೀಚರು. ನಾನು ದಿನಾ ಎಂಟು ಗಂಟೆ 'ಹಿಡ್ಕೊಳ್ಳಿ, ಹಿಡ್ಕೊಳ್ಳಿ' ಅಂತ ಕೂಗೋಳು, ನಮ್ಮ ಬಸ್ಸಲ್ಲಿ ಹಿಡಿ ಅಂದ್ರೆ ಕಂಬಿ, ಯಾರಿಗೂ ಅನುಮಾನ ಇಲ್ಲ. ನಿಮ್ಮಲ್ಲಿ ಯಾವ್ದನ್ನ ಹಿಡೀಬೇಕು, ಮೊದ್ಲೇ ಹೇಳ್ಬಿಡಿ ತಾಯಿ."

"ನನ್ನನ್ನಂತೂ ಹಿಡೀಬೇಡಿ, ನೀವು ತಬ್ಬಿದ್ರೆ ನಾನು ಮನೆ ಸೇರಲ್ಲ" ಎಂದಳು ಟೀಚರು. ಎಲ್ಲರೂ ನಕ್ಕರು. ದಂತವೈದ್ಯರ ಕಡೆಯವಳು ನೀರಿನ ಬಾಟಲಿಯನ್ನು ಚೆಲ್ಲಿಕೊಳ್ಳುವಷ್ಟು ನಕ್ಕಳು.

ನಗು ಎಂದರೆ ಕೋಚಕ್ಕನಿಗೆ ಎರಡು ವರ್ಷದ ಕೆಳಗೆ ಸಮಿತಿ ನಡೆಸಿದ ವಿಚಾರಣೆಯ ಆ ಉದ್ದನೆಯ ಮೇಜು ನೆನಪಾಗುತ್ತದೆ, ಅದರ ಮೇಲಿನ ಹಸಿರು ಬಟ್ಟೆ, ಐದು ಗಾಜಿನ ಲೋಟಗಳು. ಒಂದು ಕಾಲು ಗಿಡ್ಡವಿದ್ದ ಕುರ್ಚಿಯನ್ನು ಅವಳಿಗೆ ಕೊಟ್ಟಿದ್ದರು. ಮಾತಾಡುವಾಗೆಲ್ಲ ಅದು ಟಕ್ಕೆಂದು ವಾಲುತ್ತಿತ್ತು, ಆದ್ದರಿಂದ ಅಲ್ಲಾಡದೆ ಕೂತಿದ್ದಳು. ಕಡ್ಡಿ ನಿಂತಿದ್ದಳು, ಮುರಿದ ಪಕ್ಕೆಲುಬಿಗೆ ಸುತ್ತಿದ ಬಟ್ಟೆ ಅಂಗಿಯೊಳಗಿಂದ ದಪ್ಪಗೆ ಕಾಣುತ್ತಿತ್ತು. ಕಡ್ಡಿ ಎಂದರೆ ತಂಗಿಯ ಮಗಳು. ಮನೆಯಲ್ಲಿ ದೊಡ್ಡಮ್ಮ, ಮಾಳಿಗೆ ಹತ್ತಿದ ಮೇಲೆ ಕೋಚ್. ಮೆಟ್ಟಿಲಿನ ಕೊನೆಯಲ್ಲಿ ಚಪ್ಪಲಿಯ ಜೊತೆ ನೆಂಟಸ್ತಿಕೆಯನ್ನೂ ಬಿಟ್ಟು ಬರಬೇಕೆಂದು ಅವಳೇ ನಿಯಮ ಮಾಡಿದ್ದಳು. ಅಧ್ಯಕ್ಷರು ಕೇಳಿದರು: ಗೆಲ್ಲುತ್ತಿದ್ದ ಆಟ, ಇಪ್ಪತ್ತು ಸೆಕೆಂಡು ಉಳಿದಿತ್ತು, ಅವಳನ್ನು ಅವುಚಿಕೊಂಡು ನಿಂತಿದ್ದರೆ ಸಾಕಿತ್ತು, ನಿನ್ನ ಕೋಚ್ ಹಿಡಿ ಅಂತ ಹೇಳಿದ್ದು ಕೇಳಿಸಲಿಲ್ಲವೇ? ಕೇಳಿಸಿತು ಸರ್, ಎಂದಳು ಕಡ್ಡಿ. ಮತ್ತೆ ಯಾಕೆ ಹಿಡೀಲಿಲ್ಲ? ಹಿಡಿದೆ ಸರ್. ವೀಡಿಯೋದಲ್ಲಿ ಎಲ್ಲರೂ ನೋಡಿದ್ದರು, ಅವಳು ಕೈ ಮುಂದೆ ಮಾಡಿಯೇ ಇರಲಿಲ್ಲ, ಮರದ ಹಾಗೆ ನಿಂತು ಹೊಡೆತ ತಿಂದು ಕುಸಿದಿದ್ದಳು. ಬೇಕೆಂದೇ ಬಿದ್ದಳು ಎಂಬ ಗುಸುಗುಸು ಆಗಲೇ ಹಬ್ಬಿತ್ತು. ಮೂರನೆಯ ಲೋಟದ ಮುಂದೆ ಕೂತಿದ್ದಾತ ಹೊಟ್ಟೆ ಕುಣಿಸುತ್ತ ಕೇಳಿದ: "ಏನಮ್ಮಾ ಹಿಡಿದೆ? ಗಾಳೀನಾ?" ಮೇಜಿನ ಉದ್ದಕ್ಕೂ ನಗು ಹರಿಯಿತು. ಆ ಕೋಣೆಯಲ್ಲಿ ನಿಜವನ್ನು ಹೇಳಿದವನು ಅವನೊಬ್ಬನೇ, ಅದು ಅವನಿಗೇ ಗೊತ್ತಿರಲಿಲ್ಲ. ಗೊತ್ತಿದ್ದವಳು ಕೋಚಕ್ಕ. ಅವಳ ಬಾಯಿಯೂ ನಕ್ಕಿತ್ತು. ದೊಡ್ಡವರು ನಕ್ಕಾಗ ಜೊತೆಗೆ ಅಗಲವಾಗುವ ಬಾಯಿಯ ಚಾಳಿ, ಎಷ್ಟೋ ವರ್ಷದ್ದು. ಕಡ್ಡಿ ತಿರುಗಿ ಆ ಬಾಯಿಯನ್ನು ನೋಡಿದಳು. ಆಮೇಲೆ ಅವಳು ಉಸಿರೆತ್ತಲಿಲ್ಲ. ನೀವು 'ಹಿಡಿ' ಅಂದದ್ದು ನಿಜ ತಾನೆ ಎಂದು ಅಧ್ಯಕ್ಷರು ಕೇಳಿದಾಗ ಕೋಚಕ್ಕ 'ನಿಜ' ಎಂದಳು. ಕುರ್ಚಿ ಟಕ್ಕೆಂದಿತು. ಹೇಳಿದ್ದು ಒಂದೇ ಮಾತು, ಅದರಲ್ಲಿ ಸುಳ್ಳು ಏನೂ ಇರಲಿಲ್ಲ. ರಿಂಗಿನ ಮೂಲೆಯಿಂದ ಕೋಚ್ ಕೊಟ್ಟ ಸೂಚನೆ ಮೀರಿದವಳು, ಆಡುವ ಮನಸ್ಸಿಲ್ಲದೆ ಬಿದ್ದವಳು ಎಂದು ಬರೆದು ಕಡ್ಡಿಯ ಹೆಸರನ್ನು ತಂಡದ ಪಟ್ಟಿಯಿಂದ ತೆಗೆದರು.

'ಹಿಡಿ' ಎಂಬ ಮಾತನ್ನು ಕಡ್ಡಿಗೆ ಮೊದಲು ಕಲಿಸಿದ್ದು ಮಾಳಿಗೆಯಲ್ಲಿ ಅಲ್ಲ. ಏಳು ವರ್ಷದ ಮಗು ಹಲ್ಲು ಕೀಳಿಸಿಕೊಳ್ಳಲು ಹೋಗಿ ಬೆಂಚಿನ ಮೇಲೆ ನಡುಗುತ್ತಿದ್ದಾಗ, ಪುಟ್ಟ ಕೈಯನ್ನು ತನ್ನ ಹೊಟ್ಟೆಯ ಮೇಲಿಟ್ಟುಕೊಂಡು, ನನ್ನ ಜೊತೆ ಮಾಡು ಚಿನ್ನ, ತಗೊ, ಹಿಡಿ, ಬಿಡು, ಎಂದಿದ್ದಳು. ಭಯವಾದಾಗೆಲ್ಲ ಮಗು ಬಂದು ಹೊಟ್ಟೆಯ ಮೇಲೆ ಕೈಯಿಡುತ್ತಿತ್ತು. ರಿಂಗಿನಲ್ಲಿ ಅದೇ 'ಹಿಡಿ'ಗೆ ಇನ್ನೊಂದು ಅರ್ಥ ಅಂಟಿಸುವಾಗ ಕೋಚಕ್ಕನಿಗೆ ಒಂದು ಕ್ಷಣವೂ ಯೋಚನೆ ಬರಲಿಲ್ಲ. ನಾಲಿಗೆಗೆ ಹತ್ತಿರವಿದ್ದ ಮಾತು ಅದು. ಆವತ್ತಿನ ಆಟದಲ್ಲಿ ಮೂರನೆಯ ಸುತ್ತು, ಜನರ ಕೂಗು, ಎದುರಿಗೆ ಎಡಗೈಯವಳು, ಕಡ್ಡಿಯ ಕಾಲು ನಡುಗುವುದು ಹಗ್ಗದಾಚೆಗೂ ಕಾಣುತ್ತಿತ್ತು. 'ಹಿಡಿ!' ಎಂದು ಅರಚಿದ್ದಳು. ದಣಿದು ಹೆದರಿದ ಕಿವಿ ಹಳೆಯ ಅರ್ಥವನ್ನೇ ಹುಡುಕಿಕೊಂಡು ಹೋಯಿತು. ಕಡ್ಡಿಯ ಎದೆ ತುಂಬಿಕೊಂಡು ಮೇಲೇರಿದ್ದನ್ನು ಕೋಚಕ್ಕ ಕಣ್ಣಾರೆ ಕಂಡಳು. ಹೊಡೆತ ಬೀಳುವ ಮೊದಲೇ ಗೊತ್ತಾಗಿತ್ತು. 'ಬಿಡು' ಎನ್ನಲು ಬಾಯಿ ತೆರೆದಿದ್ದಳು, ಅಷ್ಟರಲ್ಲಿ ಎಡಗೈ ಬಲಪಕ್ಕೆಯ ಕೆಳಗೆ ಬಂದು ಕೂತಿತು. ಆ ಬಾಯಿ ಅಂದಿನಿಂದಲೂ ತೆರೆದೇ ಇದೆ ಎಂದು ಒಮ್ಮೊಮ್ಮೆ ಅನ್ನಿಸುತ್ತದೆ. "ಒಳ್ಳೇದೇ ಆಯ್ತು ಬಿಡಕ್ಕ, ಇನ್ನಾದ್ರೂ ಮೂಗು ಬಾಯಿ ನೆಟ್ಟಗಿಟ್ಕೊಂಡು ಬದುಕ್ಲಿ" ಎಂದಿದ್ದಳು ತಂಗಿ, ತಟ್ಟೆ ಒರೆಸುತ್ತ. ಆ ಮಾತನ್ನು ಅವಳು ಎರಡು ವರ್ಷ ಮೆತ್ತನೆಯ ದಿಂಬಿನ ಹಾಗೆ ತಲೆಯ ಕೆಳಗಿಟ್ಟುಕೊಂಡಿದ್ದಳು. ಮಗುವಿನ ಒಳ್ಳೆಯದಕ್ಕೇ ಸುಮ್ಮನಿದ್ದೇನೆ. ಕಾಗದ ಹೋದರೆ ಪಂದ್ಯಗಳಲ್ಲಿ ಕೋಚಾಗಿ ಮೂಲೆಯಲ್ಲಿ ನಿಲ್ಲುವ ತನ್ನ ಪರವಾನಗಿ ಹೋಗುತ್ತದೆ ಎಂಬ ವಿಷಯ ದಿಂಬಿನ ಅಡಿಯಲ್ಲಿ ಇತ್ತು.

"ಕೋಚಕ್ಕ, ತಮಾಷೆ ಮಾಡ್ದೆ ಅಷ್ಟೆ. ಬೇಜಾರಾಯ್ತಾ?" ಕಂಡಕ್ಟರು ಹಗ್ಗಕ್ಕೆ ಒರಗಿ ನೋಡುತ್ತಿದ್ದಳು.

"ಇಲ್ಲ" ಎಂದಳು ಕೋಚಕ್ಕ. "ನೀನು ಸರಿಯಾಗೇ ಮಾಡಿದೆ. ತಪ್ಪಿರೋದು ನನ್ನ ಮಾತಲ್ಲಿ." ಹೇಳಿದ ಮೇಲೆ ಅದು ಎಷ್ಟು ಸಣ್ಣ ವಾಕ್ಯ ಎಂದು ಆಶ್ಚರ್ಯವಾಯಿತು. ಹಲ್ಲಿನ ಸಂದಿಯಿಂದ ಸಲೀಸಾಗಿ ಹೊರಬಿತ್ತಲ್ಲ. "ಇವತ್ತಿಂದ ಎದುರಿನವಳನ್ನ ಅವುಚ್ಕೊಳ್ಳೋದಕ್ಕೆ 'ತಬ್ಬು' ಅಂತೀನಿ. ಹಿಡಿ ಅಂದ್ರೆ ಉಸಿರು ಮಾತ್ರ, ಅದೂ ಚಾಪೆ ಮೇಲೆ. ರಿಂಗೊಳಗೆ ಆ ಮಾತು ನನ್ನ ಬಾಯಲ್ಲಿ ಬಂದ್ರೆ ಯಾರೂ ಕೇಳ್ಬೇಡಿ."

"ತಬ್ಬು!" ಎಂದಳು ಟೀಚರು. "ನಮ್ಮೆಜಮಾನ್ರಿಗೆ ಕೇಳಿಸಿದ್ರೆ ನಾಳೆಯಿಂದ ಕಳ್ಸಲ್ಲ."

"ಅವರನ್ನೂ ಕರ್ಕೊಂಡು ಬಾ, ಬ್ಯಾಗಿಗೆ ಕಟ್ಟೋಣ. ಈಗ ಇನ್ನೊಂದು ಸುತ್ತು. ತಬ್ಬು ಅಂದಾಗ ತಬ್ಬು."

ಸುತ್ತು ಮುಗಿಯುವವರೆಗೂ ನಿಂತಳು. ಕಲಿಸುವುದನ್ನು ಅರ್ಧಕ್ಕೆ ಬಿಟ್ಟು ಓಡಿದರೆ ಅದೂ ಒಂದು ನೆಪವಾದೀತು. ಕಂಡಕ್ಟರು ಎರಡು ಸಲ ಸರಿಯಾಗಿ ತಬ್ಬಿದಳು, ಒಂದು ಸಲ ಟೀಚರ ಕಾಲು ತುಳಿದಳು. ಎಲ್ಲರೂ ಇಳಿದು ಹೋದ ಮೇಲೆ ಡಬ್ಬಿಯಿಂದ ಲಕೋಟೆ ತೆಗೆದು ಚೀಲದಲ್ಲಿಟ್ಟು ಬಾಗಿಲಿಗೆ ಬೀಗ ಹಾಕಿದಳು. ಮೆಟ್ಟಿಲಿಳಿಯುವಾಗ ಲೆಕ್ಕ ಹಾಕಿಕೊಂಡಳು: ನಾಲ್ಕು ಮೆಟ್ಟಿಲಿಗೆ ತಗೊ, ನಾಲ್ಕು ಮೆಟ್ಟಿಲಿಗೆ ಬಿಡು. ಹಿಡಿಯುವುದು ಬೇಡ.

ಅಂಚೆ ಕಚೇರಿ ಎಡಕ್ಕಿತ್ತು. ಅವಳು ಬಲಕ್ಕೆ ತಿರುಗಿದಳು. ಮತ್ತೊಂದು ಸಲ ತಪ್ಪಿಸಿಕೊಳ್ಳುತ್ತಿದ್ದೇನೋ ಎಂದು ಕಾಲನ್ನು ಪರೀಕ್ಷಿಸಿದಳು. ಇಲ್ಲ, ಕಾಲು ಗಟ್ಟಿಯಾಗಿಯೇ ಇತ್ತು. ಸಮಿತಿಗೆ ಹೇಳುವ ಮೊದಲು ಹೇಳಬೇಕಾದವಳಿಗೆ ಹೇಳಬೇಕು. ಕಡ್ಡಿ ಈಗ ಕನ್ನಡಕದ ಅಂಗಡಿಯಲ್ಲಿ ಕೆಲಸಕ್ಕಿದ್ದಳು. ಮದುವೆ ಮುಂಜಿಗಳಲ್ಲಿ ಎದುರಾದಾಗ 'ಚೆನ್ನಾಗಿದ್ದೀಯಾ ದೊಡ್ಡಮ್ಮ' ಎನ್ನುವುದಕ್ಕಿಂತ ಹೆಚ್ಚಿನ ಮಾತು ಇಬ್ಬರ ನಡುವೆ ಇರಲಿಲ್ಲ. ಅಂಗಡಿಯ ಎದುರಿನ ಕಾಲುದಾರಿಯಲ್ಲಿ ಕೋಚಕ್ಕ ನಿಂತಳು. ಗಾಜಿನಾಚೆ ಕಡ್ಡಿ ಗಲ್ಲಾದ ಹಿಂದೆ ಗಾಜುಗಳನ್ನು ಒರೆಸುತ್ತಿದ್ದಳು. ಲೋಕದವರೆಲ್ಲ ಕನ್ನಡಕದ ಮೇಲೆ 'ಹಾ...' ಎಂದು ಉದ್ದಕ್ಕೆ ಊದುತ್ತಾರೆ. ಇವಳದು ಹಾಗಲ್ಲ. ಚಿಕ್ಕದಾಗಿ, ಚೂಪಾಗಿ, ಹೊಟ್ಟೆಯ ಬುಡದಿಂದ ಒಂದು, ಬಟ್ಟೆ ಆಡಿಸುವುದು, ಇನ್ನೊಂದು. ಒಂದಕ್ಕೆ ಭಾರ ಎಡಗಾಲಿಗೆ, ಇನ್ನೊಂದಕ್ಕೆ ಬಲಗಾಲಿಗೆ. ಗಾಜಿನಿಂದಾಗಿ ಸದ್ದು ಕೇಳಿಸುತ್ತಿರಲಿಲ್ಲ, ಆದರೂ ಕೋಚಕ್ಕನ ಕಿವಿಗೆ ಕೇಳಿಸಿತು. ಎರಡು ವರ್ಷದಲ್ಲಿ ಒಂದು ಕೂದಲೆಳೆಯಷ್ಟೂ ತಾಳ ತಪ್ಪಿರಲಿಲ್ಲ. ಇನ್ನೂ ಆಡುವ ಮನಸ್ಸಿದೆಯೇ ಎಂದು ಕೇಳುವ ಅಗತ್ಯ ಅವಳಿಗೆ ಉಳಿಯಲಿಲ್ಲ. ಬಾಗಿಲು ತಳ್ಳಿ ಒಳಗೆ ಹೋದಳು.

"ಬಾ ದೊಡ್ಡಮ್ಮ. ಏನು ಈ ಕಡೆ?"

"ಕನ್ನಡಕ ಸಡಿಲ ಆಗಿದೆ, ಮೂಗಿಂದ ಜಾರುತ್ತೆ." ಅದು ನಿಜವೇ ಆಗಿತ್ತು. ಕಡ್ಡಿ ಕೈ ಚಾಚಿ ಇಸಿದುಕೊಂಡು, ಸಣ್ಣ ತಿರುಪುಳಿಯಿಂದ ಬಿಗಿಮಾಡತೊಡಗಿದಳು. ಕನ್ನಡಕವಿಲ್ಲದ ಕಣ್ಣಿಗೆ ಅವಳ ಮುಖ ಮಬ್ಬಾಗಿ, ಏಳು ವರ್ಷದ್ದೋ ಇಪ್ಪತ್ತನಾಲ್ಕರದ್ದೋ ಗೊತ್ತಾಗದ ಹಾಗೆ ಕಂಡಿತು. ಹೇಳಲು ಇದೇ ಹೊತ್ತು ಎನ್ನಿಸಿತು. ಹಾಗೆನ್ನಿಸಿದ್ದಕ್ಕೆ ನಾಚಿಕೆಯಾಗಿ, ಕನ್ನಡಕ ಮೂಗಿಗೇರುವವರೆಗೆ ಕಾದಳು. ಮುಖ ನಿಚ್ಚಳವಾದ ಮೇಲೆ ಹೇಳಿದಳು: "ಆವತ್ತು ನೀನು ಹಿಡಿದಿದ್ದು ಉಸಿರು."

ತಿರುಪುಳಿಯನ್ನು ಎತ್ತಿಡುತ್ತಿದ್ದ ಕಡ್ಡಿಯ ಕೈ ನಿಂತಿತು. "ಯಾರು ಹೇಳಿದ್ರು?"

"ಯಾರೂ ಹೇಳ್ಲಿಲ್ಲ. ಆವತ್ತೇ ಕಂಡಿತ್ತು ನನಗೆ. ಮೂಲೇಲಿ ನಿಂತಾಗ್ಲೇ."

ಗಿರಾಕಿಯೊಬ್ಬ ಬಂದು, ನನ್ನ ಗಾಜು ಆಯ್ತೇನಮ್ಮ ಎಂದ. ನಾಳೆ ಬನ್ನಿ ಸರ್, ಎಂದಳು ಕಡ್ಡಿ, ಅವನ ಕಡೆ ನೋಡದೆ. ನಾಳೆ ನಾಳೆ ಅಂತ ವಾರ ಆಯ್ತು ಎಂದು ಗೊಣಗಿ ಅವನು ಹೋದ. ಬಾಗಿಲು ಮುಚ್ಚಿಕೊಂಡಿತು.

"ನಿನಗೆ ಗೊತ್ತಾಗ್ಲಿಲ್ಲ ಅಂತ ಅಂದ್ಕೊಂಡಿದ್ದೆ" ಎಂದಳು ಕಡ್ಡಿ. "ಹಾಗಂದ್ಕೊಂಡೇ ಎರಡು ವರ್ಷ ನಿನ್ನ ಮೇಲೆ ಸಿಟ್ಟು ಮಾಡ್ಕೊಳ್ದೆ ಇದ್ದೆ. ಪಾಪ, ಗೊತ್ತಿಲ್ಲ, ಅದಕ್ಕೇ ನಕ್ಕಳು ಅಂತ."

"ಗೊತ್ತಿದ್ದೇ ನಕ್ಕೆ."

"ಈಗ ಸಿಟ್ಟು ಬರ್ತಾ ಇದೆ."

"ಬರ್ಲಿ."

"ತುಂಬಾ ಬರ್ತಾ ಇದೆ, ದೊಡ್ಡಮ್ಮ." ಅವಳು ಗಲ್ಲಾದ ಅಂಚನ್ನು ಎರಡೂ ಕೈಯಿಂದ ಹಿಡಿದುಕೊಂಡಿದ್ದಳು. ಕ್ಷಮಿಸು ಎಂಬ ಮಾತು ಕೋಚಕ್ಕನ ಬಾಯಿಯವರೆಗೆ ಬಂದಿತ್ತು. ಅದನ್ನು ಹೇಳಿಬಿಟ್ಟರೆ ಸಿಟ್ಟನ್ನು ನುಂಗುವ ಕೆಲಸವನ್ನೂ ಈ ಹುಡುಗಿಗೇ ಕೊಟ್ಟಂತಾಗುತ್ತದೆ ಎನ್ನಿಸಿ ಹೇಳಲಿಲ್ಲ. ಚೀಲದಿಂದ ಲಕೋಟೆ ತೆಗೆದು ಗಲ್ಲಾದ ಗಾಜಿನ ಮೇಲಿಟ್ಟಳು. ಕಡ್ಡಿ ಮುಟ್ಟದೆ ವಿಳಾಸ ಓದಿದಳು. ಶಾಯಿ ಮಾಸಿದ್ದನ್ನೂ ಓದಿದಳು.

"ಕಳಿಸ್ತೀಯಾ?"

"ಇವತ್ತೇ."

"ನಿನ್ನ ಪರವಾನಗಿ ಹೋಗುತ್ತೆ."

"ಹೋಗುತ್ತೆ."

"ಮತ್ತೆ ನನ್ನ ಮೂಲೇಲಿ ಯಾರು ನಿಲ್ಲೋದು?" ಕೇಳಿದ್ದು ಸಿಟ್ಟಿನಲ್ಲೇ. ಆದರೆ ಕೇಳಿದ ಮೇಲೆ ಅವಳಿಗೇ ತಾನು ಏನು ಕೇಳಿದೆ ಎಂದು ತಿಳಿದು ಮುಖ ಕೆಂಪಾಯಿತು, ಒರೆಸಿದ ಗಾಜನ್ನೇ ಎತ್ತಿಕೊಂಡು ಮತ್ತೆ ಒರೆಸಿದಳು.

"ಯಾರಾದ್ರೂ ನಿಲ್ತಾರೆ. ಹಿಡಿ ಅನ್ನದೋರು."

ಕಡ್ಡಿ ನಗಲಿಲ್ಲ. "ಹೊರಡು" ಎಂದಳು. "ಊಟದ ಹೊತ್ತಿಗೆ ಅಲ್ಲಿ ಬಾಗಿಲು ಹಾಕ್ತಾರೆ."

ಅಂಚೆ ಕಚೇರಿಯ ಗೋಡೆಗೆ ಒತ್ತಿಕೊಂಡು ಶಾಯಿಯ ಕಲೆಗಳ ಇಳಿಜಾರು ಮೇಜೊಂದಿತ್ತು. ಅಲ್ಲಿ ನಿಂತು ಕಾಗದವನ್ನು ಬಿಚ್ಚಿದಳು. ನಾಲ್ಕು ಹಾಳೆ. ಕನ್ನಡಕ ಈಗ ಜಾರುತ್ತಿರಲಿಲ್ಲ, ಅಕ್ಷರಗಳು ಎದ್ದು ಬಂದು ಕಣ್ಣಿಗೆ ಹೊಡೆದವು. ಮೊದಲ ಹಾಳೆಯಲ್ಲಿ ಇಪ್ಪತ್ತು ವರ್ಷದ ಸೇವೆ ಇತ್ತು. ಎರಡನೆಯದರಲ್ಲಿ ಜನರ ಗದ್ದಲ, ದೀಪಗಳ ಝಳ, ಎದುರಾಳಿಯ ಎಡಗೈ. ಮೂರನೆಯದರಲ್ಲಿ ಹುಡುಗಿಗೆ ಮೊದಲಿನಿಂದಲೂ ಉಸಿರಿನದು ಸ್ವಲ್ಪ ತೊಂದರೆ ಎಂದಿತ್ತು. ಹಾಗೆ ಬರೆದಿದ್ದೆನೇ? ತನ್ನದೇ ಅಕ್ಷರ. ಯಾವ ತೊಂದರೆಯೂ ಇರಲಿಲ್ಲ, ತಾನು ಕಲಿಸಿದವರಲ್ಲಿ ಅಷ್ಟು ಸ್ವಚ್ಛವಾದ ಉಸಿರು ಇನ್ನೊಂದಿರಲಿಲ್ಲ. ಎರಡು ವರ್ಷ ಇದನ್ನು ತಪ್ಪೊಪ್ಪಿಗೆ ಎಂದು ಕರೆದುಕೊಂಡು ಡಬ್ಬಿಯಲ್ಲಿಟ್ಟು ಸಂಕಟಪಟ್ಟಿದ್ದಳಲ್ಲ! ಮೂರೂ ಹಾಳೆಗಳನ್ನು ಹರಿದು ಬುಟ್ಟಿಗೆ ಹಾಕಿದಳು. ನಾಲ್ಕನೆಯದರಲ್ಲಿ ಬರೀ ಸಹಿ ಇತ್ತು, ಅದರ ಮೇಲೆ ಬೇಕಾದಷ್ಟು ಜಾಗ. ದಾರ ಕಟ್ಟಿದ ಪೆನ್ನು ಎತ್ತಿಕೊಂಡು ಇವತ್ತಿನ ತಾರೀಖು ಹಾಕಿ, ಎಲ್ಲ ಅಕ್ಷರವನ್ನೂ ಬಿಡಿಸಿ ಬರೆದಳು: 'ನನ್ನ ಹುಡುಗಿ ಸೂಚನೆ ಮೀರಲಿಲ್ಲ. ಹಿಡಿ ಎಂಬ ಒಂದೇ ಮಾತಿಗೆ ನಾನು ಎರಡು ಅರ್ಥ ಕಲಿಸಿದ್ದೆ. ಅವಳು ಉಸಿರು ಹಿಡಿದಳು. ಅದು ನನಗೆ ಆವತ್ತೇ ಗೊತ್ತಿತ್ತು. ನಿಮ್ಮ ಮುಂದೆ ಕೂತು ಹೇಳಲಿಲ್ಲ. ಅವಳ ಹೆಸರನ್ನು ಪಟ್ಟಿಗೆ ಸೇರಿಸಿ. ನನ್ನ ಪರವಾನಗಿ ಇದರ ಜೊತೆಗಿದೆ.' ಪರ್ಸಿನಿಂದ ಪರವಾನಗಿಯ ಚೀಟಿ ತೆಗೆದಳು. ಫೋಟೋದಲ್ಲಿದ್ದ ಹೆಂಗಸು ಕಪ್ಪು ಕೂದಲಿನವಳು, ಬಾಯಿ ಬಿಗಿದುಕೊಂಡಿದ್ದಳು. ಅದನ್ನು ಹಾಳೆಯ ಮಡಿಕೆಯೊಳಗಿಟ್ಟು ಲಕೋಟೆಯನ್ನು ಅಂಟಿಸಿದಳು.

ಸಾಲಿನಲ್ಲಿ ಇಬ್ಬರಿದ್ದರು. ನಾಳೆ ಬೆಳಿಗ್ಗೆ ಕಂಡಕ್ಟರು ಬರುತ್ತಾಳೆ, ಅವಳಿಗೆ ಎಡಗಾಲು ತಿರುಗಿಸುವುದನ್ನು ಕಲಿಸಬೇಕು. ಮಾಳಿಗೆಯಲ್ಲಿ ಕಲಿಸಲು ಪರವಾನಗಿ ಬೇಕಿಲ್ಲ, ಮೂಲೆಯಲ್ಲಿ ನಿಲ್ಲಲು ಬೇಕು. ಮೂಲೆಯಲ್ಲಿ ನಿಲ್ಲದಿದ್ದರೂ ಎಲ್ಲೋ ಹಿಂದಿನ ಸಾಲಿನಲ್ಲಿ ಬೆನ್ನು ಹಾಕಿ ಕೂತು ಕಡ್ಡಿಯ ಉಸಿರನ್ನು ಕೇಳಿಸಿಕೊಳ್ಳಬಹುದು. ಮುಂದಿನವರು ಸರಿದರು. ಕಿಂಡಿಯಾಚೆ ಗುಮಾಸ್ತ ಗಡಿಯಾರ ನೋಡುತ್ತಿದ್ದ.

"ರಿಜಿಸ್ಟರ್ ಮಾಡ್ಬೇಕು. ಇವತ್ತಿನ ಮುದ್ರೆ ಬೀಳುತ್ತೆ ತಾನೆ?"

"ನಿಮ್ಮದೇ ಕೊನೇದು, ಕೊಡಿ" ಎಂದು ಅವನು ಕಿಂಡಿಯಿಂದ ಕೈಚಾಚಿದ. ಅವಳು ಕೊಟ್ಟಳು. ಅವನು ಎಳೆದುಕೊಂಡ, ಲಕೋಟೆ ಬರಲಿಲ್ಲ. ಮತ್ತೊಮ್ಮೆ ಮೆಲ್ಲನೆ ಎಳೆದು ತಲೆಯೆತ್ತಿ ನೋಡಿದ. ಅವಳ ಹೆಬ್ಬೆರಳು ಆ ತುದಿಯನ್ನು ಬಲವಾಗಿ ಒತ್ತಿಕೊಂಡಿತ್ತು, ಸುರುಳಿ ಸುತ್ತುವಾಗ ಒತ್ತಿಕೊಳ್ಳುವ ಹಾಗೆ.

"ಬಿಡೀಮ್ಮ" ಎಂದ ಅವನು.

ಅವಳು ಬಿಟ್ಟಳು. ಮುದ್ರೆ ಠಪ್ಪೆಂದು ಬಿತ್ತು.